ಕಾರಿನ ಒಳಗೆ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಡಬಹುದು

ಹೊಸ ಕಾರು ಕೊಂಡವರನ್ನು ಮೊದಲ ವಾರದಲ್ಲಿ ಮಾತಾಡಿಸಿ ನೋಡಿ. ಸ್ಕ್ರೀನ್ ಎಷ್ಟು ಇಂಚು, ಸನ್‌ರೂಫ್ ಎಷ್ಟು ದೊಡ್ಡದು, ರಾತ್ರಿ ಬಾಗಿಲ ಅಂಚಿನಲ್ಲಿ ಯಾವ ಬಣ್ಣದ ಲೈಟ್ ಹೊತ್ತುತ್ತದೆ, ಬರೀ ಇದೇ ಮಾತು. ಅವರನ್ನೇ ಎರಡು ಮೂರು ವರ್ಷ ಬಿಟ್ಟು ಕೇಳಿ. ಸನ್‌ರೂಫ್ ಸುದ್ದಿಯೇ ಬರುವುದಿಲ್ಲ. ದೂರ ಓಡಿಸಿದರೆ ಸೊಂಟ ಹಿಡಿಯುತ್ತೆ, ರಿವರ್ಸ್ ತೆಗೆಯುವಾಗ ಹಿಂದೆ ಏನೂ ಕಾಣಲ್ಲ, ಏಸಿ ಕಡಿಮೆ ಮಾಡೋಕೆ ಮೂರು ಕಡೆ ಒತ್ತಬೇಕು ಅನ್ನುತ್ತಾರೆ. ಇಲ್ಲವೇ, ಸೀಟು ಬಹಳ ಚೆನ್ನಾಗಿದೆ, ಎಷ್ಟು ದೂರ ಹೋದರೂ ಸುಸ್ತಾಗಲ್ಲ ಅಂತ ಮನಸಾರೆ ಹೊಗಳುತ್ತಾರೆ.

ಈ ಎರಡನೇ ಸಲದ ಮಾತು ಕೊಳ್ಳುವ ಮೊದಲೇ ನಮ್ಮ ಕಿವಿಗೆ ಬೀಳಬೇಕು. ಅದಕ್ಕೆ ನಾನು ಬಳಸುವ ಅಳತೆ ಒಂದೇ: ಇದನ್ನು ಆಮೇಲೆ ಬದಲಾಯಿಸೋಕೆ ಆಗುತ್ತಾ? ಸೀಟಿನ ಆಕಾರ, ಸ್ಟೀರಿಂಗ್ ಎಷ್ಟು ಸರಿಯುತ್ತದೆ, ಕಿಟಕಿ ಎಷ್ಟು ಅಗಲ, ಬಟನ್ ಇದೆಯೋ ಇಲ್ಲವೋ, ಏರ್‌ಬ್ಯಾಗ್ ಎಷ್ಟು, ಇವೆಲ್ಲ ಕಾರ್ಖಾನೆಯಿಂದ ಹೇಗೆ ಬಂದವೋ ಹಾಗೇ ಉಳಿಯುತ್ತವೆ. ಸ್ಪೀಕರ್, ಸೀಟ್ ಕವರ್, ಮೊಬೈಲ್ ಚಾರ್ಜರ್, ಲೈಟಿನ ಪಟ್ಟಿ ಇವನ್ನು ಯಾವತ್ತು ಬೇಕಾದರೂ ಹಾಕಿಸಬಹುದು. ಹಾಗಾಗಿ ಬದಲಾಯಿಸಲು ಆಗದ್ದಕ್ಕೆ ಮೊದಲು ದುಡ್ಡು ಕೊಡಿ. ಉಳಿದರೆ ಮಿಕ್ಕಿದ್ದಕ್ಕೆ.

ಮೆತ್ತನೆಯ ಸೀಟಾ, ಗಟ್ಟಿ ಸೀಟಾ?

ಶೋರೂಂನಲ್ಲಿ ಯಾವಾಗಲೂ ಮೆತ್ತನೆಯ ಸೀಟೇ ಗೆಲ್ಲುತ್ತದೆ. ಕೂತ ತಕ್ಷಣ ಮೈ ಒಳಗೆ ಇಳಿಯುತ್ತದೆ, ಹಾಯ್ ಅನಿಸುತ್ತದೆ. ಎರಡು ಗಂಟೆ ಓಡಿಸಿದ ಮೇಲೆ ಕಥೆ ಬೇರೆ. ಮೆತ್ತನೆಯ ಫೋಮ್ ಭಾರ ಬಿದ್ದ ಕಡೆ ಕುಸಿಯುತ್ತದೆ. ಸೊಂಟ ಹಿಂದಕ್ಕೆ ಜಾರುತ್ತದೆ, ಬೆನ್ನು ಬಾಗುತ್ತದೆ, ಕುತ್ತಿಗೆ ಮುಂದೆ ಬರುತ್ತದೆ. ಸ್ವಲ್ಪ ಗಟ್ಟಿ ಸೀಟು ಮೊದಲ ಹತ್ತು ನಿಮಿಷ ಬಿಗಿ ಅನಿಸಿದರೂ ಮೈಭಾರವನ್ನು ತೊಡೆ, ಸೊಂಟ, ಬೆನ್ನು ಎಲ್ಲದಕ್ಕೂ ಹಂಚುತ್ತದೆ. ಹೈವೇ ಓಡಾಟ ಜಾಸ್ತಿ ಇರುವವರು ಗಟ್ಟಿ ಸೀಟಿನ ಕಡೆಗೇ ಹೋಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಿನಾ ಹದಿನೈದು ಇಪ್ಪತ್ತು ನಿಮಿಷದ ಓಡಾಟ ಮಾತ್ರ ಇದ್ದರೆ ಮೆತ್ತನೆಯದೂ ನಡೆಯುತ್ತದೆ.

ಫೋಮಿಗಿಂತ ಮುಖ್ಯವಾದದ್ದು ಸೀಟಿನ ಉದ್ದ. ಬೆನ್ನನ್ನು ಪೂರ್ತಿ ಹಿಂದಕ್ಕೆ ಆನಿಸಿ ಕೂತುಕೊಳ್ಳಿ. ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇದ್ದರೆ ಸರಿ. ಅಂಗೈ ಅಗಲಕ್ಕಿಂತ ಜಾಸ್ತಿ ಇದ್ದರೆ ತೊಡೆಗೆ ಆಸರೆ ಇಲ್ಲ ಅಂತ ಅರ್ಥ. ಎತ್ತರದವರಿಗೆ ಕಾಲು ಸೋಲುವುದು ಇದರಿಂದಲೇ. ಜಾಗವೇ ಇಲ್ಲದಿದ್ದರೆ ಅಂಚು ಮಂಡಿಯ ಹಿಂದೆ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಇದು ಗಿಡ್ಡಗಿರುವವರ ತೊಂದರೆ. ಅಂದರೆ ಒಂದೇ ಸೀಟು ಒಬ್ಬರಿಗೆ ಚೆನ್ನ, ಇನ್ನೊಬ್ಬರಿಗೆ ಶಿಕ್ಷೆ. ಬೇರೆಯವರ ಅಭಿಪ್ರಾಯ ಓದುವಾಗ ಹೇಳಿದವರ ಎತ್ತರ ಎಷ್ಟು ಅಂತ ಗೊತ್ತಾದರೆ ಮಾತ್ರ ಆ ಮಾತಿಗೆ ಬೆಲೆ.

ಸೀಟಿನ ಜೊತೆಗೇ ಸ್ಟೀರಿಂಗ್ ನೋಡಬೇಕು. ಕೆಲವು ಕಾರಿನಲ್ಲಿ ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರ ಸರಿಯುತ್ತದೆ. ಕೆಲವದರಲ್ಲಿ ನಮ್ಮ ಕಡೆಗೂ ಎಳೆದುಕೊಳ್ಳಬಹುದು. ಈ ಎಳೆದುಕೊಳ್ಳುವ ಸೌಲಭ್ಯ, ಅಂದರೆ ಟೆಲಿಸ್ಕೋಪಿಕ್, ಕ್ಯಾಟಲಾಗಿನಲ್ಲಿ ಒಂದು ಸಣ್ಣ ಸಾಲು. ಆದರೆ ಅದು ಇಲ್ಲದ ಕಾರಿನಲ್ಲಿ ಕಾಲಿಗೆ ಸರಿಯಾಗಿ ಕೂತರೆ ಕೈ ಎಟುಕುವುದಿಲ್ಲ, ಕೈಗೆ ಸರಿಯಾಗಿ ಕೂತರೆ ಮಂಡಿ ಮಡಚಬೇಕು. ಗಿಡ್ಡಗಿರುವವರು ಪೆಡಲ್ ಎಟುಕಲಿ ಅಂತ ಮುಂದೆ ಸರಿದು ಸ್ಟೀರಿಂಗ್‌ಗೆ ಅಂಟಿಕೊಂಡು ಕೂರುತ್ತಾರೆ. ಇದು ಬರೀ ಆರಾಮದ ಮಾತಲ್ಲ. ಏರ್‌ಬ್ಯಾಗ್ ಭಾರಿ ರಭಸದಲ್ಲಿ ಉಬ್ಬುತ್ತದೆ. ಎದೆಗೂ ಸ್ಟೀರಿಂಗ್ ನಡುಭಾಗಕ್ಕೂ 10 ಇಂಚು, ಅಂದರೆ ಸುಮಾರು 25 ಸೆಂಟಿಮೀಟರ್ ಅಂತರ ಇರಲಿ ಅಂತ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹೇಳುತ್ತದೆ. ಆ ಅಂತರ ಸಿಗದ ಕಾರು ಎಷ್ಟೇ ಚಂದ ಇದ್ದರೂ ನಿಮ್ಮದಲ್ಲ.

ಪರೀಕ್ಷೆ ಸುಲಭ. ಭುಜ ಸೀಟಿಗೆ ಆನಿಸಿಕೊಂಡೇ ಕೈ ಚಾಚಿ. ಮಣಿಕಟ್ಟು ಸ್ಟೀರಿಂಗ್ ಮೇಲಂಚಿನ ಮೇಲೆ ಕೂತರೆ ದೂರ ಸರಿ ಇದೆ. ಈಗ ಬ್ರೇಕ್ ಪೂರ್ತಿ ಒತ್ತಿ. ಮಂಡಿ ಇನ್ನೂ ಸ್ವಲ್ಪ ಮಡಚಿರಬೇಕು. ಹಾಗೇ ಒಂದೆರಡು ನಿಮಿಷ ಕೂತು ಎಡಗಾಲು ಎಲ್ಲಿ ಇಡುತ್ತೀರಿ ಅಂತ ಗಮನಿಸಿ. ಕಾಲಿಡಲು ಬೇರೆ ಜಾಗ ಇದೆಯಾ, ಇಲ್ಲ ಪಾದ ಸುಮ್ನೆ ಕ್ಲಚ್ ಕೆಳಗೆ ತೂಗಾಡುತ್ತಾ? ಗೇರ್ ಪಕ್ಕದ ಪ್ಲಾಸ್ಟಿಕ್ ಮಂಡಿಯ ಬದಿಗೆ ತಾಗುತ್ತಾ? ತಾಗಿದರೆ ಅಲ್ಲಿ ಬೆರಳಿಂದ ಒತ್ತಿ ನೋಡಿ. ಮೆತ್ತನೆಯ ಹೊದಿಕೆ ಇದ್ದರೆ ಪರವಾಗಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಇದ್ದರೆ ದೂರದ ಪಯಣದಲ್ಲಿ ಅದೇ ಜಾಗ ನೋಯುತ್ತದೆ.

ವಿದ್ಯುತ್ತಿನಲ್ಲಿ ಸರಿಯುವ ಸೀಟು, ಅದಕ್ಕೊಂದು ಮೆಮೊರಿ ಬಟನ್ ಬೇಕಾ? ಎತ್ತರದಲ್ಲಿ ಬಹಳ ವ್ಯತ್ಯಾಸ ಇರುವ ಇಬ್ಬರು ದಿನಾ ಒಂದೇ ಕಾರು ಓಡಿಸುತ್ತಿದ್ದರೆ ಖಂಡಿತ ಬೇಕು. ಒಬ್ಬರೇ ಓಡಿಸುವುದಾದರೆ ಕೈಯಿಂದ ಸರಿಸುವ ಸೀಟು ಸಾಕು. ಅದನ್ನು ಒಂದು ಸಲ ಹೊಂದಿಸಿದರೆ ಮತ್ತೆ ಮುಟ್ಟುವುದೇ ಇಲ್ಲ ಅಲ್ವಾ. ಎತ್ತರ ಹೊಂದಿಸುವ ಲಿವರ್ ಮಾತ್ರ ಇರಲೇಬೇಕು.

ಹೆಡ್‌ರೆಸ್ಟ್ ತಲೆ ಒರಗಿಸಿ ಮಲಗಲು ಇಟ್ಟದ್ದಲ್ಲ, ಹಿಂದಿನಿಂದ ಯಾರಾದರೂ ಗುದ್ದಿದಾಗ ಕುತ್ತಿಗೆ ಉಳಿಸಲು ಇಟ್ಟದ್ದು. ಅದರ ಮೇಲ್ಭಾಗ ತಲೆಯ ಮೇಲ್ಭಾಗದ ಮಟ್ಟಕ್ಕೆ ಬರಬೇಕು. ಸೀಟಿನ ಜೊತೆಗೇ ಸೇರಿಹೋಗಿರುವ ಹೆಡ್‌ರೆಸ್ಟ್ ನೋಡಲು ಸ್ಪೋರ್ಟ್ಸ್ ಕಾರಿನ ಹಾಗೆ ಕಾಣುತ್ತದೆ. ಎತ್ತರದವರಿಗೆ ಅದು ಕುತ್ತಿಗೆಯವರೆಗೆ ಮಾತ್ರ ಬಂದರೆ ಬೇಡ ಅಂದುಬಿಡಿ.

ಹಿಂದಿನ ಸೀಟನ್ನು ಓಡಿಸುವವರು ಕೂತು ತೀರ್ಪು ಕೊಡುವುದು ಬೇಡ. ಅಲ್ಲಿ ದಿನಾ ಕೂರುವವರನ್ನೇ ಕರೆದುಕೊಂಡು ಹೋಗಿ ಕೂರಿಸಿ. ವಯಸ್ಸಾದವರಿಗೆ ಹತ್ತಿ ಇಳಿಯುವುದು ಒಳಗಿನ ಜಾಗಕ್ಕಿಂತ ಮುಖ್ಯ. ಸೀಟು ಅವರ ಸೊಂಟದ ಎತ್ತರಕ್ಕೆ ಹತ್ತಿರ ಇದ್ದರೆ ಬಗ್ಗುವುದೂ ಬೇಡ, ಏರುವುದೂ ಬೇಡ. ಪುಟ್ಟ ಮಕ್ಕಳಿದ್ದರೆ ಮಗುವಿನ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಎಲ್ಲಿದೆ ಅಂತ ಕೈ ಹಾಕಿ ಹುಡುಕಿ. ಸೀಟಿನ ಸಂದಿಯಲ್ಲಿ ಆಳಕ್ಕೆ ಹೂತುಹೋಗಿದ್ದರೆ ಮಗುವಿನ ಸೀಟು ಹಾಕಿ ತೆಗೆಯುವಾಗೆಲ್ಲ ಬೆರಳು ತರಚುತ್ತದೆ.

ಬಟನ್ನಾ, ಟಚ್‌ಸ್ಕ್ರೀನಾ?

ಓಡಿಸುವವರ ನಡುವೆ ಇಷ್ಟು ಜಗಳ ಇರುವ ವಿಷಯ ಕಾರಿನ ಒಳಗೆ ಇನ್ನೊಂದಿಲ್ಲ.

ಟಚ್‌ಸ್ಕ್ರೀನ್ ಹೊಸದೇನಲ್ಲ. 1986ರ ಬ್ಯೂಕ್ ರಿವಿಯೇರಾ ಕಾರಿನಲ್ಲೇ ಅದು ಬಂದಿತ್ತು. ಆದರೆ 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹೊತ್ತು ಬಂದ ಮೇಲೆ ಗಾಳಿಯೇ ತಿರುಗಿತು. ಒಂದೊಂದೇ ಕಂಪನಿ ಬಟನ್ ಕಿತ್ತು ಎಲ್ಲವನ್ನೂ ಸ್ಕ್ರೀನಿನೊಳಗೆ ತುಂಬಿತು. ಇದಕ್ಕೆ ಅಂದದ ಜೊತೆಗೆ ಖರ್ಚಿನ ಕಾರಣವೂ ಇದೆ. ಪ್ರತಿ ಬಟನ್ನಿಗೂ ಅಚ್ಚು ಬೇಕು, ವೈರು ಬೇಕು, ಜೋಡಿಸುವ ಕೈ ಬೇಕು. ಸ್ಕ್ರೀನಿಗಾದರೆ ಸಾಫ್ಟ್‌ವೇರ್ ಬರೆದರೆ ಆಯಿತು. ಹಾಗಾಗಿ ಬಟನ್ ಇಲ್ಲದ ಡ್ಯಾಶ್‌ಬೋರ್ಡನ್ನು ದುಬಾರಿ ಕಾರಿನ ಲಕ್ಷಣ ಅಂದುಕೊಳ್ಳಬೇಕಿಲ್ಲ.

ಸ್ವೀಡನ್ನಿನ ಕಾರು ಪತ್ರಿಕೆ ವಿ ಬಿಲ್ಯಾಗಾರೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ಹೊಸ ಕಾರುಗಳ ಜೊತೆಗೆ ಬಟನ್ ತುಂಬಿದ 2005ರ ಹಳೆಯ ವೋಲ್ವೋ ವಿ70 ಒಂದನ್ನೂ ತಂದರು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಲೇ ನಾಲ್ಕು ಕೆಲಸ ಮಾಡಬೇಕು: ಸೀಟಿನ ಹೀಟರ್ ಹಾಕಿ ಒಳಗಿನ ಬಿಸಿ ಏರಿಸುವುದು, ರೇಡಿಯೋ ಹಚ್ಚಿ ಸ್ಟೇಷನ್ ಹಿಡಿಯುವುದು, ಟ್ರಿಪ್ ಮೀಟರ್ ಸೊನ್ನೆ ಮಾಡುವುದು, ಮೀಟರಿನ ಬೆಳಕು ತಗ್ಗಿಸುವುದು, ಹೀಗೆ. ಓಡಿಸುವವರಿಗೆ ಕಾರು ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು. ಹಳೆಯ ವೋಲ್ವೋದಲ್ಲಿ ಎಲ್ಲ 10 ಸೆಕೆಂಡಿಗೆ ಮುಗಿಯಿತು, ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದ ಎಂಜಿ ಮಾರ್ವೆಲ್ ಆರ್ ಕಾರಿನಲ್ಲಿ ಅದೇ ಕೆಲಸಕ್ಕೆ 44.9 ಸೆಕೆಂಡ್ ಹಿಡಿಯಿತು. ಸಾಗಿದ ದೂರ 1372 ಮೀಟರ್. ಒಂದೂಕಾಲು ಕಿಲೋಮೀಟರಿಗೂ ಮೇಲೆ ಗಮನ ಅರ್ಧ ಸ್ಕ್ರೀನಿನಲ್ಲಿ, ಅರ್ಧ ರಸ್ತೆಯಲ್ಲಿ! ನಾನಂತೂ ಈ ಅಂಕಿ ಓದಿದ ಮೇಲೆ ಕಾರು ನೋಡಲು ಹೋದಾಗೆಲ್ಲ ಮೊದಲು ಏಸಿ ನಾಬ್ ಎಲ್ಲಿದೆ ಅಂತ ಹುಡುಕುತ್ತೇನೆ.

ಕಣ್ಣು ರಸ್ತೆ ಬಿಡುವುದು ಒಂದು ಸಲಕ್ಕೆ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್ ಮೀರಬಾರದು ಅಂತ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. 2 ಸೆಕೆಂಡ್ ಅಂದರೆ ಕಡಿಮೆ ಅನಿಸಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಕಾರು 55 ಮೀಟರ್ ದಾಟಿರುತ್ತದೆ.

ಜೋರು ಮಳೆಯಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು ಅಂದುಕೊಳ್ಳಿ. ನಾಬ್ ಇರುವ ಕಾರಿನಲ್ಲಿ ಕೈ ತಾನಾಗಿ ಇಳಿಯುತ್ತದೆ. ಕತ್ತಲಲ್ಲಿ ಮನೆಯ ಸ್ವಿಚ್ ಹಾಕುವ ಹಾಗೆ ಬೆರಳಿಗೆ ದಾರಿ ಗೊತ್ತಿರುತ್ತದೆ. ನಾಬಿನ ಗೀರು ಕೈಗೆ ಸಿಗುತ್ತದೆ, ಟಕ್ ಟಕ್ ಅಂತ ಎರಡು ಹಲ್ಲು ತಿರುಗಿಸಿದರೆ ಗಾಳಿ ಗಾಜಿಗೆ ಬಡಿಯುತ್ತದೆ. ಕಣ್ಣು ರಸ್ತೆಯ ಮೇಲೇ ಇರುತ್ತದೆ. ಬರೀ ಸ್ಕ್ರೀನ್ ಇರುವ ಕಾರಿನಲ್ಲಿ ಮ್ಯಾಪ್ ಮುಚ್ಚಿ ಏಸಿ ಪುಟ ತೆರೆಯಬೇಕು. ಚಿತ್ರ ಹುಡುಕಬೇಕು. ಒತ್ತುವಷ್ಟರಲ್ಲಿ ಚಕ್ರ ಒಂದು ಗುಂಡಿಗೆ ಇಳಿದರೆ ಬೆರಳು ಪಕ್ಕದ ಚಿತ್ರಕ್ಕೆ ತಾಗುತ್ತದೆ. ಒತ್ತಿತೋ ಇಲ್ಲವೋ ಅಂತ ತಿಳಿಯಲು ಮತ್ತೆ ನೋಡಬೇಕು. ರಸ್ತೆ ಕಾಣಬೇಕಾದ ಹೊತ್ತಿನಲ್ಲೇ ರಸ್ತೆ ನೋಡುವಂತಿಲ್ಲ.

ಗಾಳಿ ಈಗ ಮತ್ತೆ ತಿರುಗುತ್ತಿದೆ. ಕಾರುಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯುರೋ ಎನ್‌ಸಿಎಪಿ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು), ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಬೇರೆಯಾಗಿ ಕೈಗೆ ಸಿಗುವ ಕಂಟ್ರೋಲ್ ಇದೆಯಾ ಅಂತ ನೋಡಿ ಅಂಕ ಕೊಡುತ್ತದೆ. ಫೋಕ್ಸ್‌ವ್ಯಾಗನ್ ಕೂಡ ಧ್ವನಿ, ಎರಡೂ ಬದಿಯ ಹೀಟಿಂಗ್, ಫ್ಯಾನ್, ಹಜಾರ್ಡ್ ಲೈಟ್ ಇವಕ್ಕೆ ಬಟನ್ ವಾಪಸ್ ತರುವುದಾಗಿ 2025ರಲ್ಲಿ ಹೇಳಿತು. ಓಡಿಸುವವರು ಸಿಟ್ಟಿನಿಂದ ಹೇಳಿದ ಮಾತು ವ್ಯರ್ಥವಾಗಲಿಲ್ಲ ಅನ್ನುವುದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ.

ಹಾಗಂತ ಸ್ಕ್ರೀನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮ್ಯಾಪ್ ನೋಡಲು, ಹಾಡಿನ ಪಟ್ಟಿಗೆ, ಟೈರಿನ ಗಾಳಿ ನೋಡಲು, ಹಿಂದಿನ ಕ್ಯಾಮೆರಾಗೆ ದೊಡ್ಡ ಸ್ಕ್ರೀನ್ ನಿಜಕ್ಕೂ ಒಳ್ಳೆಯದು. ನಿಂತಾಗ ಮಾಡುವ ಕೆಲಸ ಸ್ಕ್ರೀನಿನಲ್ಲಿರಲಿ, ಓಡುವಾಗ ಮಾಡುವ ಕೆಲಸ ಬಟನ್ನಿನಲ್ಲಿರಲಿ. ಒಳಗಿನ ಬಿಸಿ ತಂಪು, ಫ್ಯಾನ್, ಗಾಜಿನ ಮಂಜು, ಧ್ವನಿ, ಹಜಾರ್ಡ್, ಇಷ್ಟಕ್ಕೆ ಬಟನ್ ಇದ್ದರೆ ಆ ಕಾರು ನನ್ನ ಲೆಕ್ಕದಲ್ಲಿ ಪಾಸ್.

ಎರಡರ ನಡುವೆ ಇನ್ನೊಂದು ಜಾತಿ ಇದೆ. ನೋಡಲು ಬಟನ್, ಆದರೆ ಒತ್ತಿದರೆ ಒಳಗೆ ಹೋಗುವುದಿಲ್ಲ, ಮುಟ್ಟಿದರೆ ಸಾಕು. ಹೊಳೆಯುವ ಕಪ್ಪು ಪಟ್ಟಿಯ ಮೇಲೆ ಸಾಲಾಗಿ ಬಂದಿರುತ್ತವೆ. ನಾನು ಇದನ್ನು ಸ್ಕ್ರೀನಿಗಿಂತ ಕೆಳಗೆ ಇಡುತ್ತೇನೆ. ಸ್ಕ್ರೀನಿನಲ್ಲಿ ಕಡೇಪಕ್ಷ ದೊಡ್ಡ ಚಿತ್ರ ಕಾಣುತ್ತದೆ. ಇಲ್ಲಿ ಕೈಗೂ ತಿಳಿಯುವುದಿಲ್ಲ, ಕಣ್ಣಿಗೂ ಬೇಗ ಕಾಣುವುದಿಲ್ಲ. ಫೋಕ್ಸ್‌ವ್ಯಾಗನ್ ಮೊದಲು ತಂದ, ಬೆರಳು ಸವರಿ ಬಳಸುವ ಇಂಥ ಸ್ಲೈಡರ್‌ಗಳಿಗೆ ರಾತ್ರಿ ಬೆಳಕೂ ಇರಲಿಲ್ಲ, ಅದನ್ನು ಆಮೇಲೆ ಸೇರಿಸಿದರು. ಸ್ಟೀರಿಂಗ್ ಮೇಲೆ ಇಂಥ ಟಚ್ ಪಟ್ಟಿ ಇದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಯು-ಟರ್ನ್ ಮಾಡಿ. ಅಂಗೈ ತಾಗಿ ಧ್ವನಿ ಏರಿತೋ ಅಂತ ಗೊತ್ತಾಗುತ್ತದೆ.

ಸೇಲ್ಸ್‌ನವರನ್ನು ಕೇಳಲೇಬೇಕಾದ ಒಂದು ಪ್ರಶ್ನೆ: ಸ್ಕ್ರೀನ್ ಕೆಟ್ಟರೆ ಏನೇನು ನಿಲ್ಲುತ್ತದೆ? 2021ರಲ್ಲಿ ಟೆಸ್ಲಾ ತನ್ನ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳಲ್ಲಿ ಸುಮಾರು 1,35,000 ಕಾರನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. ಒಳಗಿನ ಮೆಮೊರಿ ಚಿಪ್ ಸವೆದು ಸ್ಕ್ರೀನ್ ಸಾಯುತ್ತಿತ್ತು. ಅದರ ಜೊತೆ ಹಿಂದಿನ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ಕಂಟ್ರೋಲ್ ಎಲ್ಲ ಹೋಗುತ್ತಿತ್ತು. ಬಟನ್ ಕೆಟ್ಟರೆ ಒಂದು ಕೆಲಸ ನಿಲ್ಲುತ್ತದೆ, ಸ್ಕ್ರೀನ್ ಕೆಟ್ಟರೆ ಹತ್ತು.

ಮುಳ್ಳಿನ ಮೀಟರ್ ಮತ್ತು ಡಿಜಿಟಲ್ ಮೀಟರ್ ನಡುವೆ ನನಗೆ ಹೇಳುವುದು ಜಾಸ್ತಿ ಇಲ್ಲ. ಬಿಸಿಲಲ್ಲಿ ಓದಲು ಬಂದರೆ ಎರಡೂ ಸರಿ. ಮುಂದಿನ ಗಾಜಿನ ಮೇಲೆ ವೇಗ ತೋರಿಸುವ ಹೆಡ್-ಅಪ್ ಡಿಸ್‌ಪ್ಲೇ ಮಾತ್ರ ಒಳ್ಳೆಯ ಸೌಲಭ್ಯ, ಕಣ್ಣು ಕೆಳಗೆ ಇಳಿಸುವುದೇ ಬೇಡ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರು ಅದನ್ನು ಹಾಕಿಕೊಂಡೇ ನೋಡಿ, ಎಷ್ಟೋ ಕಾರಿನಲ್ಲಿ ಅಂಕಿ ಮಸುಕಾಗುತ್ತದೆ ಅಥವಾ ಮಾಯವಾಗುತ್ತದೆ.

ಬಟ್ಟೆ, ಲೆದರೆಟ್, ಲೆದರ್

ಲೆದರ್ ಅಂತ ಹೇಳಿ ತೋರಿಸುವ ಸೀಟುಗಳಲ್ಲಿ ಹೆಚ್ಚಿನವು ಲೆದರೆಟ್, ಅಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ. ಇದು ಕೆಟ್ಟದ್ದೇನಲ್ಲ. ಮಕ್ಕಳು ಚೆಲ್ಲಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಆದರೆ ಗಾಳಿ ಆಡುವುದಿಲ್ಲ, ಬೆವರು ಹಿಡಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೂತರೆ ತೊಡೆ ಸುಡುತ್ತದೆ. ಅಗ್ಗದ ಲೆದರೆಟ್ ಹೊಲಿಗೆಯ ಹತ್ತಿರ, ಹತ್ತಿ ಇಳಿಯುವಾಗ ಉಜ್ಜುವ ಬದಿಯಲ್ಲಿ ಮೊದಲು ಬಿರಿಯುತ್ತದೆ.

ಬಟ್ಟೆಯ ಸೀಟಿಗೆ ಶೋರೂಂನಲ್ಲಿ ಮರ್ಯಾದೆ ಕಡಿಮೆ. ಆದರೂ ಬೇಸಿಗೆಯಲ್ಲಿ ಸುಡದ, ಚಳಿಯಲ್ಲಿ ಕೊರೆಯದ, ತಿರುವಿನಲ್ಲಿ ಮೈ ಜಾರಲು ಬಿಡದ ಸೀಟು ಅದೇ. ಕಲೆ ಹಿಡಿಯುತ್ತದೆ, ವಾಸನೆ ಹೀರುತ್ತದೆ, ಅದು ನಿಜ. ನಿಜವಾದ ಲೆದರ್ ಚಂದವಾಗಿ ಹಳೆಯದಾಗುತ್ತದೆ, ಆದರೆ ಆಗಾಗ ಕಂಡೀಷನರ್ ಹಚ್ಚಿ ನೋಡಿಕೊಳ್ಳುವ ತಾಳ್ಮೆ ಬೇಕು.

ನನ್ನ ಸಲಹೆ ಹೀಗೆ. ಬಿಸಿಲು ಜಾಸ್ತಿ ಇರುವ ಕಡೆ ಲೆದರೆಟ್ ಬೇಕಿದ್ದರೆ ಒಳಗಿನಿಂದ ಗಾಳಿ ಆಡಿಸುವ ವೆಂಟಿಲೇಟೆಡ್ ಸೀಟಿನ ಜೊತೆಗೇ ತೆಗೆದುಕೊಳ್ಳಿ. ಅದು ಸಿಗದಿದ್ದರೆ ಬಟ್ಟೆಯೇ ವಾಸಿ. ವೆಂಟಿಲೇಟೆಡ್ ಸೀಟು ಆಮೇಲೆ ಹಾಕಿಸುವುದು ಸುಲಭವಲ್ಲ, ಲೆದರೆಟ್ ಕವರ್ ಯಾವಾಗ ಬೇಕಾದರೂ ಹಾಕಿಸಬಹುದು. ಕವರ್ ಹಾಕಿಸುವಾಗ ಒಂದು ಎಚ್ಚರ: ಎಷ್ಟೋ ಕಾರಿನಲ್ಲಿ ಪಕ್ಕದ ಏರ್‌ಬ್ಯಾಗ್ ಸೀಟಿನ ಬದಿಯಲ್ಲೇ ಇರುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಕಂಡರೆ ಆ ಜಾಗವನ್ನು ಮುಚ್ಚಿ ಬಿಗಿಯಾಗಿ ಹೊಲಿದ ಕವರ್ ಹಾಕಿಸಲೇಬೇಡಿ. ಅಪಘಾತವಾದಾಗ ಅದು ಏರ್‌ಬ್ಯಾಗನ್ನು ತಡೆಯಬಹುದು.

ಬಣ್ಣ, ಬೆಳಕು, ಕಿಟಕಿ

ತಿಳಿ ಬಣ್ಣದ ಒಳಾಂಗಣ ವಿಶಾಲವಾಗಿ ಕಾಣುತ್ತದೆ, ಕಪ್ಪು ಕೊಳೆ ಮುಚ್ಚುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಾಗದೆ ಉಳಿಯುವುದು ಡ್ಯಾಶ್‌ಬೋರ್ಡಿನ ಮೇಲ್ಭಾಗದ ಬಣ್ಣ. ಅದು ತಿಳಿಯಾಗಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿಳಿ ಪರದೆಯಾಗಿ ಬೀಳುತ್ತದೆ, ರಸ್ತೆ ಮಸುಕಾಗುತ್ತದೆ. ಸೀಟು, ಬಾಗಿಲು ಯಾವ ಬಣ್ಣವಾದರೂ ಇರಲಿ, ಡ್ಯಾಶ್‌ಬೋರ್ಡಿನ ಮೇಲ್ಭಾಗ ಕಡುಬಣ್ಣದ್ದು, ಹೊಳಪಿಲ್ಲದ್ದು ಇರಬೇಕು. ಗೇರ್ ಸುತ್ತ ಹೊಳೆಯುವ ಕಪ್ಪು ಪ್ಲಾಸ್ಟಿಕ್, ಅದೇ ಪಿಯಾನೋ ಬ್ಲ್ಯಾಕ್, ಫೋಟೋದಲ್ಲಿ ಮಾತ್ರ ಚಂದ. ನಿಜ ಬಳಕೆಯಲ್ಲಿ ಬೆರಳಚ್ಚು, ಧೂಳು, ಕೂದಲೆಳೆಯಂಥ ಗೀರು. ಬಿಸಿಲು ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ.

ಕಿಟಕಿಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಈಗಿನ ಕಾರುಗಳಲ್ಲಿ ಮುಂದಿನ ಕಂಬಗಳು ದಪ್ಪ, ಹಿಂದಿನ ಗಾಜು ಚಿಕ್ಕದು. ದಪ್ಪ ಕಂಬದ ಮರೆಯಲ್ಲಿ ರಸ್ತೆ ದಾಟುವ ಒಬ್ಬ ಮನುಷ್ಯ ಪೂರ್ತಿ ಮುಚ್ಚಿಹೋಗಬಹುದು. ಕ್ಯಾಮೆರಾ ಇದೆಯಲ್ಲ ಅಂತ ಹೇಳುತ್ತಾರೆ. ಪಾರ್ಕ್ ಮಾಡುವಾಗ ಕ್ಯಾಮೆರಾ ನೆರವಾಗುತ್ತದೆ, ಅದರಲ್ಲೂ ನಾಲ್ಕೂ ಕಡೆ ತೋರಿಸುವುದು ಇಕ್ಕಟ್ಟಿನಲ್ಲಿ ಬಹಳ ಉಪಯೋಗ. ಆದರೆ ಮಳೆಯಲ್ಲಿ ಅದರ ಗಾಜಿಗೆ ಕೆಸರು ಮೆತ್ತಿಕೊಳ್ಳುತ್ತದೆ. ಅಡ್ಡರಸ್ತೆಯಲ್ಲಿ ತಿರುಗುವಾಗ ನಾವು ನೋಡುವುದು ಗಾಜಿನ ಮೂಲಕವೇ. ಇಂಥದ್ದೇ ಇನ್ನೊಂದು ಬಾಗಿಲಿನ ಬಣ್ಣದ ಲೈಟ್. ಮಂದವಾಗಿದ್ದರೆ ಒಳ್ಳೆಯದೇ, ಜೋರಾಗಿದ್ದರೆ ಪಕ್ಕದ ಗಾಜಿನಲ್ಲಿ ಪ್ರತಿಫಲಿಸಿ ಹೊರಗಿನ ಕನ್ನಡಿ ಕಾಣದಂತೆ ಮಾಡುತ್ತದೆ. ಪೂರ್ತಿ ಆರಿಸಲು ಬರುತ್ತಾ ಕೇಳಿ.

ಫೋನಾ, ಕಾರಿನದೇ ವ್ಯವಸ್ಥೆಯಾ?

ಆಪಲ್ ಕಾರ್‌ಪ್ಲೇ 2014ರಲ್ಲಿ, ಆಂಡ್ರಾಯ್ಡ್ ಆಟೋ 2015ರಲ್ಲಿ ಕಾರುಗಳಿಗೆ ಬರತೊಡಗಿದವು. ಫೋನಿನ ಮ್ಯಾಪ್, ಹಾಡು, ಕರೆ ಎಲ್ಲ ಕಾರಿನ ಸ್ಕ್ರೀನಿಗೇ ಬಂದವು. ಕೆಲವು ಕಂಪನಿಗಳು ಇದನ್ನು ತೆಗೆದು ತಮ್ಮದೇ ವ್ಯವಸ್ಥೆ ಕೊಡಲು ಹೊರಟಿವೆ. ಜನರಲ್ ಮೋಟಾರ್ಸ್ ತನ್ನ ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಎರಡನ್ನೂ ಕೈಬಿಡುವುದಾಗಿ 2023ರಲ್ಲಿ ಹೇಳಿತು. ಕಾರಿನದೇ ವ್ಯವಸ್ಥೆಗೂ ಒಂದು ಲಾಭ ಇದೆ, ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎಷ್ಟಿದೆ ನೋಡಿ ಎಲ್ಲಿ ಚಾರ್ಜ್ ಮಾಡಬೇಕು ಅಂತ ಅದೇ ಲೆಕ್ಕ ಹಾಕುತ್ತದೆ. ಆದರೂ ನನ್ನ ಮತ ಫೋನಿನ ಕಡೆಗೆ. ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುತ್ತೇವೆ, ಫೋನ್ ಅದಕ್ಕಿಂತ ಬೇಗ ಬದಲಾಗುತ್ತದೆ. ಹೊಸ ಫೋನ್ ಬಂದಾಗ ಹಳೆಯ ಕಾರಿನ ಸ್ಕ್ರೀನೂ ಹೊಸದಾಗುತ್ತದೆ.

ಸೌಲಭ್ಯಕ್ಕೆ ತಿಂಗಳು ತಿಂಗಳು ದುಡ್ಡು ಕೇಳುವ ಪದ್ಧತಿಯನ್ನೂ ಗಮನಿಸಿ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟ್ ಹೀಟರ್‌ಗೂ ಚಂದಾ ಇಟ್ಟಿತ್ತು. ಜನ ರೊಚ್ಚಿಗೆದ್ದರು, 2023ರಲ್ಲಿ ಅದನ್ನು ಕೈಬಿಟ್ಟಿತು. ಕ್ಯಾಟಲಾಗಿನಲ್ಲಿ ಬರೆದ ಸೌಲಭ್ಯಗಳಲ್ಲಿ ಯಾವುದು ಎಷ್ಟು ವರ್ಷ ಉಚಿತ, ಆಮೇಲೆ ಏನು ಅಂತ ಬರವಣಿಗೆಯಲ್ಲಿ ಕೇಳಿ.

ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ

ಸನ್‌ರೂಫ್ ತಲೆಯ ಮೇಲಿನ ಜಾಗ ಕಡಿಮೆ ಮಾಡುತ್ತದೆ, ಎತ್ತರದವರು ಸನ್‌ರೂಫ್ ಇರುವ ಕಾರಿನಲ್ಲೇ ಕೂತು ನೋಡಬೇಕು. ಅದರ ಸುತ್ತ ನೀರು ಹೋಗುವ ಸಣ್ಣ ಕೊಳವೆ ಇರುತ್ತದೆ, ಎಲೆ ಕಸ ಸೇರಿ ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಬೆಳಕು ಇಷ್ಟಪಡುವವರು ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ. ಮಕ್ಕಳನ್ನು ಅದರಲ್ಲಿ ತಲೆ ಹೊರಗೆ ಹಾಕಿ ನಿಲ್ಲಿಸುವುದು ಮಾತ್ರ ಯಾವತ್ತೂ ಬೇಡ.

ವೈರ್‌ಲೆಸ್ ಚಾರ್ಜರ್ ನಿಧಾನ, ಫೋನ್ ಬಿಸಿಯಾಗುತ್ತದೆ, ಒಂದು ವೈರು ಸಾಕು. ಹಿಂದಿನ ಸೀಟಿಗೆ ಏಸಿ ಗಾಳಿಕಿಂಡಿ ಇದಕ್ಕಿಂತ ನೂರು ಪಾಲು ಉಪಯೋಗ. ತಾನಾಗಿ ಮಬ್ಬಾಗುವ ಒಳಗಿನ ಕನ್ನಡಿ ಇದ್ದರೆ ರಾತ್ರಿ ಹಿಂದಿನ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆಯುವುದಿಲ್ಲ.

ಬಾಗಿಲು ಒಳಗಿನಿಂದ ಬಟನ್ ಒತ್ತಿದರೆ ತೆರೆಯುವ ಕಾರುಗಳು ಬಂದಿವೆ. ಬ್ಯಾಟರಿ ಸತ್ತರೆ ಕೈಯಿಂದ ಎಳೆದು ತೆರೆಯುವ ಹಿಡಿ ಎಲ್ಲಿದೆ, ಹಿಂದಿನ ಬಾಗಿಲಿಗೂ ಇದೆಯಾ ಅಂತ ಅಲ್ಲೇ ತೋರಿಸಿಕೊಳ್ಳಿ. ಮನೆಮಂದಿಗೆಲ್ಲ ಅದು ಗೊತ್ತಿರಬೇಕು.

ಚಿಕ್ಕ ಕಾರಿನ ಟಾಪ್ ಎಂಡಾ, ದೊಡ್ಡ ಕಾರಿನ ಮಧ್ಯದ ವೇರಿಯಂಟಾ?

ದುಡ್ಡು ಅಷ್ಟೇ ಇದ್ದಾಗ ಬರುವ ಕಷ್ಟದ ಪ್ರಶ್ನೆ ಇದು. ಒಂದು ಹಾಳೆ ತೆಗೆದುಕೊಂಡು ಟಾಪ್ ಎಂಡಿನಲ್ಲಿ ಮಾತ್ರ ಸಿಗುವ ಸೌಲಭ್ಯಗಳನ್ನು ಬರೆಯಿರಿ. ಆಮೇಲೆ ಹಾಕಿಸಬಹುದಾದ್ದನ್ನೆಲ್ಲ ಹೊಡೆದುಹಾಕಿ. ಜಾಸ್ತಿ ಏರ್‌ಬ್ಯಾಗ್, ಟೆಲಿಸ್ಕೋಪಿಕ್ ಸ್ಟೀರಿಂಗ್, ವೆಂಟಿಲೇಟೆಡ್ ಸೀಟು ಇಂಥವು ಉಳಿದರೆ ಟಾಪ್ ಎಂಡಿಗೆ ಅರ್ಥ ಇದೆ. ದೊಡ್ಡ ಸ್ಕ್ರೀನ್, ಲೈಟ್, ಸ್ಪೀಕರ್ ಕಳೆದು ಸನ್‌ರೂಫ್ ಒಂದೇ ಉಳಿದರೆ ದೊಡ್ಡ ಕಾರಿನ ಮಧ್ಯದ ವೇರಿಯಂಟ್ ತೆಗೆದುಕೊಳ್ಳಿ. ಅಗಲವಾದ ಸೀಟು, ಹಿಂದೆ ಕಾಲಿಗೆ ಜಾಗ, ದೊಡ್ಡ ಡಿಕ್ಕಿ ಇವು ಹಾಕಿಸಿಕೊಳ್ಳುವ ವಸ್ತುಗಳಲ್ಲ. ಇಬ್ಬರೇ ಓಡಾಡುವ ಮನೆಗೆ ಮಾತ್ರ ಈ ಮಾತು ತಿರುಗುತ್ತದೆ. ಹಿಂದಿನ ಸೀಟು ವರ್ಷವಿಡೀ ಖಾಲಿ ಇರುವುದಾದರೆ ಚಿಕ್ಕ ಕಾರಿನ ಟಾಪ್ ಎಂಡೇ ಸುಖ.

ಹೋಗಿ ನೋಡುವಾಗ

ಹೊಸದು ನೋಡುವ ಮೊದಲು ಅದೇ ಮಾಡೆಲ್‌ನ ನಾಲ್ಕೈದು ವರ್ಷ ಹಳೆಯ ಕಾರೊಂದನ್ನು ನೋಡಿ. ಪರಿಚಯದವರದು ಆಗಬಹುದು, ಸೆಕೆಂಡ್ ಹ್ಯಾಂಡ್ ಮಾರುವ ಕಡೆಯೂ ಆಗಬಹುದು. ಸ್ಟೀರಿಂಗ್ ಹೊದಿಕೆ ಸುಲಿದಿದೆಯಾ, ಬಟನ್ನಿನ ಮೇಲಿನ ಚಿತ್ರ ಅಳಿಸಿದೆಯಾ, ಸೀಟಿನ ಬದಿ ಕುಸಿದಿದೆಯಾ, ಗುಂಡಿಯಲ್ಲಿ ಇಳಿದಾಗ ಡ್ಯಾಶ್‌ಬೋರ್ಡ್ ಕಿರ್ರ್ ಅನ್ನುತ್ತಾ? ಒಳಗಿನ ಗುಣಮಟ್ಟ ಹೇಗಿದೆ ಅಂತ ಯಾವ ಕ್ಯಾಟಲಾಗೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಆ ಕಾರು ಓಡಿಸುವವರು ಸಿಕ್ಕರೆ ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ದಿನಾ ಕಿರಿಕಿರಿ ಆಗುವುದು ಯಾವುದು ಅಂತ ಕೇಳಿ. ಒಂದು ಸೌಲಭ್ಯ ಬಿಡಲೇಬೇಕಿದ್ದರೆ ಯಾವುದನ್ನು ಬಿಡುತ್ತಿದ್ದಿರಿ ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಟೆಸ್ಟ್ ಡ್ರೈವ್‌ಗೆ ಹೊರಡುವ ಮೊದಲು ಹಾಡು ಆರಿಸಿ, ಸೇಲ್ಸ್‌ನವರಿಗೆ ಸ್ವಲ್ಪ ಹೊತ್ತು ಮಾತು ಬೇಡ ಅಂತ ವಿನಯದಿಂದ ಹೇಳಿ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಂಡಿರಿ. ಒಳ್ಳೆಯ ರಸ್ತೆಯಲ್ಲಿ ಸ್ವಲ್ಪ ದೂರ, ಕೆಟ್ಟ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ. ಪಕ್ಕದವರು ನಿಮ್ಮ ಕಣ್ಣು ಗಮನಿಸಲಿ. ನೀವು ನೇರ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ ಏಸಿ ಒಂದು ಡಿಗ್ರಿ ಏರಿಸಿ, ಧ್ವನಿ ತಗ್ಗಿಸಿ. ಎಷ್ಟು ಸಲ ಕಣ್ಣು ಕೆಳಗೆ ಇಳಿಯಿತು ಅಂತ ಅವರು ಹೇಳಲಿ. ಸಾಧ್ಯವಾದರೆ ಕತ್ತಲಾದ ಮೇಲೆ ಇನ್ನೊಂದು ಸಲ ಓಡಿಸಿ. ಸ್ಕ್ರೀನ್ ಕಣ್ಣಿಗೆ ಹೊಡೆಯುತ್ತಾ, ಕಿಟಕಿಯ ಬಟನ್ನಿಗೆ ಬೆಳಕಿದೆಯಾ ಅನ್ನುವುದು ಹಗಲಲ್ಲಿ ತಿಳಿಯುವುದಿಲ್ಲ.

ಶೋರೂಂನವರು ಓಡಿಸಲು ಕೊಡುವುದು ಹೆಚ್ಚಾಗಿ ಟಾಪ್ ಎಂಡ್ ಕಾರು. ನೀವು ಬುಕ್ ಮಾಡುವುದು 'ಮಧ್ಯದ್ದು' ಆಗಿದ್ದರೆ ಆ ವೇರಿಯಂಟಿನ ಸೀಟಿನಲ್ಲೂ ಒಂದು ಸಲ ಕೂತು ನೋಡಿ. ಹೈಟ್ ಲಿವರ್, ಟೆಲಿಸ್ಕೋಪಿಕ್ ಸ್ಟೀರಿಂಗ್, ಹಿಂದಿನ ಹೆಡ್‌ರೆಸ್ಟ್ ಅದರಲ್ಲಿ ಇಲ್ಲದೆ ಇರಬಹುದು. ಇದ್ದರೆ ವೇರಿಯಂಟಿನ ಪೂರ್ತಿ ಹೆಸರು, ಒಳಗಿನ ಬಣ್ಣ, ತಯಾರಾದ ತಿಂಗಳು ಇಷ್ಟನ್ನೂ ಬುಕಿಂಗ್ ಫಾರಂನಲ್ಲಿ ಬರೆಸಿ ಸಹಿ ಹಾಕಿಸಿಕೊಂಡು, ಆಮೇಲೆ ಮುಂಗಡ ಕೊಡಿ.